ಬಯಲಲ್ಲಿ ಎಲ್ಲಿ ನಿಲ್ಲೋದು?

ಬೆಂಗಳೂರಿಂದ ವಿಜಯಪುರಕ್ಕೆ ಕಾರಲ್ಲಿ ಹೋಗುವವರು ದಾರಿಯಲ್ಲಿ ಎಲ್ಲೆಲ್ಲಿ ಇಳಿದು ನೋಡಬಹುದು ಅಂತ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬರೆದುಕೊಡಿ ಅಂತ ಕೆಲವರು ಕೇಳಿದರು. ಮಾತಾಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ. ಪೂರ್ತಿ ಅಲ್ಲ.

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಯ ತವರು ವಿಜಯಪುರ. ಇವತ್ತು ಇಲ್ಲಿ ನಿಂತು ಮಾತಾಡೋಕೆ ನನಗಿರುವ ಅರ್ಹತೆ ಅಷ್ಟೇ.

ಬೆಂಗಳೂರಿಂದ ವಿಜಯಪುರಕ್ಕೆ ಸುಮಾರು 530 ಕಿಲೋಮೀಟರ್. ಚಿತ್ರದುರ್ಗದವರೆಗೆ 48ನೇ ನಂಬರಿನ ಹೆದ್ದಾರಿ, ಅಲ್ಲಿಂದ ಮುಂದೆ 50ನೇ ನಂಬರು. ಹಳಬರ ಬಾಯಲ್ಲಿ ಅವು ಇವತ್ತಿಗೂ ಎನ್‌ಎಚ್ 4, ಎನ್‌ಎಚ್ 13. ಮದುವೆಯಾದ ಮೇಲೆ ಹತ್ತು ವರ್ಷ ಈ ದಾರಿಯಲ್ಲಿ ರಾತ್ರಿ ಬಸ್ಸಲ್ಲೇ ಓಡಾಡಿದೆ. ಯಶವಂತಪುರದಲ್ಲಿ ಕಣ್ಣು ಮುಚ್ಚಿದರೆ ಗೋಲಗುಮ್ಮಟ ಕಂಡಾಗ ಕಣ್ಣು ಬಿಡುವುದು. ನಡುವೆ ಕರ್ನಾಟಕ ಅನ್ನೋದು ಒಂದು ಇತ್ತು ಅಂತ ಅನ್ನಿಸಲೇ ಇಲ್ಲ.

ಆಮೇಲೆ ಕಾರು ಬಂತು. ಬಂದರೂ ಬಸ್ಸಿನ ಬುದ್ಧಿ ಹೋಗಲಿಲ್ಲ. ಎಲ್ಲೂ ನಿಲ್ಲಿಸದೆ ಇಷ್ಟು ಗಂಟೆಗೆ ತಲುಪಿದೆ ಅಂತ ಹೇಳಿಕೊಳ್ಳುವುದೇ ಒಂದು ಹೆಮ್ಮೆ. ಒಂದು ಸಲ ಮಾವ ಬಾಗಿಲಲ್ಲೇ ಕೇಳಿದರು: "ದಾರ್ಯಾಗ ಏನೇನ್ ನೋಡಿದ್ರಿ ಅಳಿಯಂದ್ರ?" ನಾನು, "ನೋಡೋಕೆ ಏನಿದೆ ಮಾವ, ಬರೀ ಬಯಲು" ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಹೌದೇನ್ರಿ" ಅಂತ ಮಾತ್ರ ಅಂದರು. ಆ 'ಹೌದೇನ್ರಿ' ಇದೆಯಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಮಲೆನಾಡಲ್ಲಿ ಈ ಕಷ್ಟ ಇಲ್ಲ. ಅಲ್ಲಿ ದಾರಿಯೇ ನಿಮ್ಮನ್ನು ನಿಲ್ಲಿಸುತ್ತದೆ. ತಿರುವು, ಹೊಳೆ, ಮಂಜು, ಹಿಂದಿನ ಸೀಟಲ್ಲಿ ಯಾರಿಗೋ ವಾಂತಿ. ಬಯಲುಸೀಮೆಯ ರಸ್ತೆ ಹಾಗಲ್ಲ. ಹೋಗು ಹೋಗು ಅನ್ನುತ್ತದೆ. ಅದರ ಮೇಲೆ ಈಗ ಬೈಪಾಸುಗಳು ಬಂದಿವೆ. ಹೆಚ್ಚಿನ ಊರುಗಳು ಹಸಿರು ಬೋರ್ಡಿನ ಮೇಲಿನ ಬಿಳಿ ಅಕ್ಷರ ಅಷ್ಟೇ. ಊರಿನ ಚಾ ಅಂಗಡಿ, ಬಸ್‌ಸ್ಟ್ಯಾಂಡು, ಆಲದಮರ ಯಾವುದೂ ಕಾಣುವುದಿಲ್ಲ. ಹಾಗಾಗಿ ಇಲ್ಲಿ ನಿಲ್ಲುವ ಜಾಗವನ್ನು ಹುಡುಕಿಕೊಳ್ಳಬೇಕು. ಹುಡುಕುವುದು ಹೇಗೆ ಅಂತ ನನಗೆ ಕಲಿಸಿದ್ದು ಒಂದು ಪಂಕ್ಚರ್.

ಚಿತ್ರದುರ್ಗ ದಾಟಿ ಕೂಡ್ಲಿಗಿ ಕಡೆ ಹೋಗುವಾಗ ಹಿಂದಿನ ಚಕ್ರ ಕೂತಿತು. ಸ್ಟೆಪ್ನಿ ತೆಗೆದು ನೋಡಿದರೆ ಅದರಲ್ಲೂ ಗಾಳಿ ಇಲ್ಲ. ತಪ್ಪು ನನ್ನದೇ, ಆರು ತಿಂಗಳಿಂದ ನೋಡಿರಲಿಲ್ಲ. ಒಬ್ಬ ಹುಡುಗ ಬೈಕಿನಲ್ಲಿ ಚಕ್ರ ಹೇರಿಕೊಂಡು ಊರೊಳಗೆ ಹೋದ. ಒಂದು ಗಂಟೆ ಆಗುತ್ತೆ ಅಂದ. ಬಿಸಿಲು ಸುಡುತ್ತಿತ್ತು. ದೂರದಲ್ಲಿ ಬಯಲಿನ ನಡುವೆ ಗೆರೆ ಎಳೆದ ಹಾಗೆ ಒಂದು ಮರಗಳ ಸಾಲು ಕಾಣಿಸಿತು. ನೆರಳಾದರೂ ಸಿಗಲಿ ಅಂತ ನಡೆದೆವು. ಹತ್ತಿರ ಹೋದರೆ ಅದು ಕೆರೆ ಏರಿ. ಹುಣಸೆಮರ, ಹೊಂಗೆಮರ. ಏರಿ ಹತ್ತಿದರೆ ಆ ಕಡೆ ನೀರು, ಕಣ್ಣಿಗೆ ತಣ್ಣಗೆ. ನಡುವೆ ಎರಡು ಕಲ್ಲಿನ ಕಂಬ ನಿಲ್ಲಿಸಿದ ಹಳೇ ತೂಬು. ಏರಿಯ ತುದಿಯಲ್ಲಿ ಪುಟ್ಟ ಗುಡಿ. ಗುಡಿ ಮುಂದೆ ಒಂದು ವೀರಗಲ್ಲು, ಅದಕ್ಕೆ ಒರಗಿಕೊಂಡು ಒಬ್ಬ ಅಜ್ಜ ಬೀಡಿ ಸೇದುತ್ತಿದ್ದರು. ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಚಕ್ರ ಬಂದ ಮೇಲೂ ಮಕ್ಕಳು ಏಳಲಿಲ್ಲ.

ವಾಪಸ್ ಬಂದ ಮೇಲೆ ಯೋಚನೆ ಮಾಡಿದೆ. ಇದು ಮಳೆನೆರಳಿನ ನಾಡು. ಪಶ್ಚಿಮ ಘಟ್ಟ ಮೋಡವನ್ನು ತಡೆದುಕೊಂಡು, ಮಿಕ್ಕಿದ್ದನ್ನು ಇಲ್ಲಿಗೆ ಕಳಿಸುತ್ತದೆ. ಇಂಥ ಕಡೆ ಸಾವಿರ ವರ್ಷದಿಂದ ಜನ ಬಾಳಿದ್ದಾರೆ ಅಂದರೆ ಬಿದ್ದ ನೀರನ್ನು ಎಲ್ಲೋ ಹಿಡಿದು ನಿಲ್ಲಿಸಿರಲೇಬೇಕು. ನೀರು ನಿಂತ ಕಡೆ ಊರು, ಊರಿದ್ದ ಕಡೆ ಗುಡಿ, ಮಸೀದಿ, ಕೋಟೆ, ಸಂತೆ. ಬಯಲಲ್ಲಿ ನೋಡುವಂಥದ್ದು ಎಲ್ಲೆಲ್ಲೋ ಚೆಲ್ಲಿಕೊಂಡಿಲ್ಲ. ನೀರಿನ ಸುತ್ತ ಕೂತಿದೆ.

ಅವತ್ತಿಂದ ನನ್ನ ಹುಡುಕಾಟ ಬಹಳ ಸರಳ. ಹೊರಡುವ ಹಿಂದಿನ ರಾತ್ರಿ ಫೋನಿನಲ್ಲಿ ಉಪಗ್ರಹದ ನಕ್ಷೆ ತೆಗೆಯುತ್ತೇನೆ. ಒಂದು ಬದಿ ನೇರ, ಉಳಿದ ಬದಿಯೆಲ್ಲ ಅಂಕುಡೊಂಕಾದ ಒಂದು ನೀಲಿ ಅಥವಾ ಹಸಿರು ಮಚ್ಚೆ ಕಂಡರೆ ಅದು ಕೆರೆ. ನೇರ ಇರುವ ಬದಿ ಏರಿ. ಊರು ಸಾಮಾನ್ಯವಾಗಿ ಏರಿಯ ಕೆಳಗೋ ಪಕ್ಕದಲ್ಲೋ ಇರುತ್ತದೆ. ಊರಿನ ಹಳೇ ಗುಡಿ ಏರಿಯ ಹತ್ತಿರ ಇರುವುದೇ ಜಾಸ್ತಿ. ಹೆದ್ದಾರಿಯಿಂದ 5 ಕಿಲೋಮೀಟರ್ ಒಳಗಿದ್ದರೆ ಗುರುತು ಹಾಕಿಕೊಳ್ಳುತ್ತೇನೆ. ಹೋದ ಕಡೆಯೆಲ್ಲ ಏನೋ ಸಿಗುತ್ತದೆ ಅಂತಲ್ಲ. ಒಂದು ಸಲ ಬರೀ ಜಾಲಿಮುಳ್ಳು ಸಿಕ್ಕಿತು, ಇನ್ನೊಂದು ಚಕ್ರ ಹೋಯಿತು.

ಸರಿ, ಈಗ ದಾರಿಗೆ ಬರೋಣ.

ತುಮಕೂರಿನ ಹತ್ತಿರದ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮ ಕಾರೇ ಅಲ್ಲಿ ಎಡಕ್ಕೆ ಎಳೆಯುತ್ತದೆ. ನಾನು ಹೇಳುವುದು ಅದಾದ ಮೇಲಿನದು. ಶಿರಾ ಕಡೆ ಹೋಗುವಾಗ ಹೆದ್ದಾರಿ ಪಕ್ಕದಲ್ಲೇ ಸೀಬಿ ಅಂತ ಊರಿದೆ. ನರಸಿಂಹಸ್ವಾಮಿ ದೇವಸ್ಥಾನ. ಟಿಪ್ಪುವಿನ ಆಡಳಿತದಲ್ಲಿ ಕೆಲಸ ಮಾಡಿದ್ದ ನಲ್ಲಪ್ಪ ಮತ್ತು ಅವರ ಅಣ್ಣತಮ್ಮಂದಿರು ಕಟ್ಟಿಸಿದ್ದು. ಒಳಗೆ ಹೋಗಿ ಕತ್ತೆತ್ತಿ ನೋಡಿ. ಛಾವಣಿ ತುಂಬ ಬಣ್ಣದ ಚಿತ್ರಗಳು. ರಾಮಾಯಣ, ಭಾಗವತದ ಕತೆಗಳ ಜೊತೆ ಆ ಕಾಲದ ದರ್ಬಾರು, ಆನೆ, ಕುದುರೆ, ಪೇಟ ಕಟ್ಟಿದ ಜನ. ಲಕ್ಷಾಂತರ ಗಾಡಿಗಳು ಇದರ ಪಕ್ಕದಲ್ಲೇ ಹಾದುಹೋಗುತ್ತವೆ. ನಾನು ಹೋದಾಗೆಲ್ಲ ಒಳಗೆ ಹತ್ತು ಜನಕ್ಕಿಂತ ಹೆಚ್ಚು ಕಂಡಿಲ್ಲ. ಇಪ್ಪತ್ತು ನಿಮಿಷ ಸಾಕು.

ಶಿರಾ ಅಂದರೆ ನಮಗೆ ಟೋಲ್ ಗೇಟಿನ ನೆನಪು. ಆದರೆ 1687ರಿಂದ ಸುಮಾರು 70 ವರ್ಷ ಅದು ಮೊಗಲರ ಒಂದು ಸುಬೆಯ, ಅಂದರೆ ಪ್ರಾಂತ್ಯದ, ರಾಜಧಾನಿ. ದೆಹಲಿಯಿಂದ ಸುಬೇದಾರರು ಬಂದು ಕೂರುತ್ತಿದ್ದ ಊರು. ಅದಕ್ಕೂ ಮುಂಚೆ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಅವರ ಅಧಿಕಾರಿ ಮಲಿಕ್ ರಿಹಾನ್ ಸಮಾಧಿ ಊರೊಳಗೆ ಈಗಲೂ ಇದೆ. 1696ರ ಜುಮ್ಮಾ ಮಸೀದಿ ಇದೆ. ಲಾಲ್‌ಬಾಗಿಗೆ ಶಿರಾದ ತೋಟವೇ ಮಾದರಿ ಅನ್ನುತ್ತಾರೆ. ಈ ಸಮಾಧಿ ನೋಡಿದ ದಿನವೇ ಸಂಜೆ ವಿಜಯಪುರ ಮುಟ್ಟಿದರೆ ಒಂದು ಮಜಾ ಇದೆ: ಬೆಳಿಗ್ಗೆ ಕಂಡ ಗುಮ್ಮಟದ ದೊಡ್ಡಣ್ಣ ಸಂಜೆ ಎದುರಾಗುತ್ತಾನೆ.

ಬೇಸಿಗೆಯಲ್ಲಿ ಹೋಗುವವರು ಶಿರಾ ಹತ್ತಿರದ ಕಗ್ಗಲಡುವಿಗೆ ಹೋಗಿ. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ಹಕ್ಕಿಧಾಮ ಅಂದರೆ ನಾವು ದೋಣಿ, ದುರ್ಬೀನು ಅಂದುಕೊಳ್ಳುತ್ತೇವೆ. ಇಲ್ಲಿ ಜನರ ಮನೆ, ದನದ ಕೊಟ್ಟಿಗೆ, ಅದರ ಮೇಲೇ ಕೊಕ್ಕರೆ ಸಂಸಾರ. ಗಲಾಟೆ ಮಾಡಿದರೆ ಊರಿನವರೇ ಬೈಯುತ್ತಾರೆ. ಹಾರ್ನ್ ಹೊಡೆದು ನಾನು ಬೈಸಿಕೊಂಡಿದ್ದೇನೆ.

ಹಿರಿಯೂರಿಗೆ ಬಂದರೆ ಮಾರಿಕಣಿವೆ. ವಾಣಿವಿಲಾಸ ಸಾಗರ ಅನ್ನೋದು ಕಾಗದದ ಹೆಸರು. ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು, ಒಟ್ಟು ಎರಡು ಗಂಟೆ ಬೇಕು. ಈ ಇಡೀ ದಾರಿಯಲ್ಲಿ ಒಂದೇ ಕಡೆ ನಿಲ್ಲೋಕೆ ಬಿಡುವು ಇದೆ ಅಂದರೆ ನಾನು ಇಲ್ಲೇ ನಿಲ್ಲಿ ಅನ್ನುತ್ತೇನೆ. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ನುಸುಳುವ ಜಾಗ ನೋಡಿ ಅಲ್ಲೇ ಗೋಡೆ ಎಬ್ಬಿಸಿದ್ದಾರೆ. 1898ರಲ್ಲಿ ಕೆಲಸ ಶುರು, 1907ರಲ್ಲಿ ಮುಗೀತು. ಸಿಮೆಂಟ್ ಇಲ್ಲ, ಕಲ್ಲು ಮತ್ತು ಗಾರೆ. ಕೆಲಸ ಶುರುವಾದಾಗ ಮೈಸೂರಿನ ಆಡಳಿತ ನೋಡಿಕೊಳ್ಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದ ಹೆಸರು ಇಟ್ಟರು.

ಈ ಜಲಾಶಯದ ಕತೆಯೇ ಬಯಲುಸೀಮೆಯ ಕತೆ. ಪೂರ್ತಿ ಮಟ್ಟ 130 ಅಡಿ. ಕಟ್ಟಿದ ಮೇಲೆ ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ? ಆಮೇಲೆ ಇಲ್ಲ. ಸ್ವಾತಂತ್ರ್ಯ ಬಂತು, ಏಕೀಕರಣ ಆಯಿತು, ಕಂಪ್ಯೂಟರ್ ಬಂತು, ಕೋಡಿ ಬೀಳಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬಿತ್ತು. 89 ವರ್ಷ! ಆ ವಾರ ನಾವು ಹೋಗಿದ್ದೆವು. ಜಾತ್ರೆ ಅಂದರೆ ಜಾತ್ರೆ. ಟ್ರ್ಯಾಕ್ಟರ್ ತುಂಬ ಜನ, ಹೆಂಗಸರು ತಟ್ಟೆಯಲ್ಲಿ ಅರಿಶಿನ ಕುಂಕುಮ ಹಿಡಿದು ಬಂದಿದ್ದರು. ಒಬ್ಬರು ವಯಸ್ಸಾದವರು ಕೋಡಿಯ ನೀರಿಗೆ ಕೈ ಇಟ್ಟುಕೊಂಡು ಸುಮ್ನೆ ಕೂತಿದ್ದರು. "ನಮ್ಮಪ್ಪ ನೋಡಿದ್ನಂತೆ. ಹೇಳ್ತಾನೇ ಇದ್ದ. ನಾವು ಬುರುಡೆ ಅನ್ಕೊಂಡಿದ್ವಿ" ಅಂದರು. 2025ರ ಜನವರಿಯಲ್ಲಿ ಮೂರನೇ ಸಲವೂ ಕೋಡಿ ಬಿತ್ತು. ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಇಲ್ಲಿಗೆ ಬರುತ್ತದೆ, ಹಾಗಾಗಿ ಇನ್ನು ಮೇಲೆ ಬರೀ ಮಳೆಯ ಲೆಕ್ಕ ಅಲ್ಲ. ಆ ಅಜ್ಜ ಮಾತ್ರ 2025ರಲ್ಲೂ ಬಂದಿದ್ದರೋ ಏನೋ.

ಚಿತ್ರದುರ್ಗದ ಕೋಟೆ ನಿಮಗೆಲ್ಲ ಗೊತ್ತು. ಒನಕೆ ಓಬವ್ವನ ಕಿಂಡಿ ಮುಂದೆ ಫೋಟೋ ತೆಗೆಸಿಕೊಳ್ಳದವರು ಈ ಕೋಣೆಯಲ್ಲಿ ಯಾರೂ ಇರಲಾರರು. ಮತ್ತೆ ಹೋದರೆ ಹೊಂಡಗಳನ್ನು ನೋಡಿ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆ ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಇಳಿಯುತ್ತದೆ. ಮುತ್ತಿಗೆ ಹಾಕಿದ ಸೈನ್ಯ ಕೆಳಗೆ ಬಾಯಾರಿ ಕೂತಿದ್ದರೆ ಮೇಲಿನವರು ನೀರು ಕುಡಿದುಕೊಂಡು ಹಾಯಾಗಿ ಇರಬಹುದಿತ್ತು.

ಕೋಟೆ ಹತ್ತುವ ಶಕ್ತಿ ಇಲ್ಲ ಅಂದರೆ ಚಂದ್ರವಳ್ಳಿಗೆ ಹೋಗಿ. ಗುಡ್ಡಗಳ ನಡುವೆ ಒಂದು ಕೆರೆ. ಅಲ್ಲಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ. ಪ್ರಾಕೃತದಲ್ಲಿ, ಮೂರೇ ಸಾಲು. ಅದರಲ್ಲಿ ಅವನು ಮೊದಲು ಹೇಳುವುದು ಏನು ಗೊತ್ತಾ? ಈ ಕೆರೆ ಕಟ್ಟಿಸಿದೆ ಅಂತ. ಆಮೇಲೆ ಪಲ್ಲವರು, ಆಭೀರರು ಅಂತ ತಾನು ಗೆದ್ದವರ ಪಟ್ಟಿ. ರಾಜ್ಯ ಕಟ್ಟಿದವನಿಗೇ ಕೆರೆ ಮುಂಚೆ, ಯುದ್ಧ ಆಮೇಲೆ. ಇದನ್ನು ಓದಿದಾಗ ನನ್ನ ಪಂಕ್ಚರ್ ಸಿದ್ಧಾಂತಕ್ಕೆ ಒಬ್ಬ ರಾಜನ ರುಜು ಬಿದ್ದ ಹಾಗಾಯಿತು. ಇಲ್ಲಿ ಅಗೆದಾಗ ರೋಮನ್ ನಾಣ್ಯಗಳೂ ಸಿಕ್ಕಿವೆ. ಎಲ್ಲಿಯ ರೋಮ್, ಎಲ್ಲಿಯ ದುರ್ಗ!

ಅಲ್ಲಿಂದ ಹೊಸಪೇಟೆವರೆಗೆ ಊರುಗಳು ವಿರಳ. ಇಲ್ಲಿ ಕೆರೆ ಹುಡುಕಿಕೊಳ್ಳಿ, ಅಷ್ಟೇ. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇರುವ ಹುತಾತ್ಮರ ಸ್ಮಾರಕ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮರಿಯಮ್ಮನಹಳ್ಳಿ ನಾಟಕದವರ ಊರು. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರು ನೆಲೆಸಿದ ಊರೂ ಅದೇ. ರಸ್ತೆಯಿಂದ ನೋಡಿದರೆ ಇವೂ ಹಸಿರು ಬೋರ್ಡೇ.

ಹೊಸಪೇಟೆ ಬಂದಾಗ ಹಿಂದಿನ ಸೀಟಿನಿಂದ ಕೂಗು ಬರುತ್ತದೆ, ಹಂಪಿಗೆ ಹೋಗೋಣ ಅಂತ. ಬೇಡ. ಹಂಪಿ ದಾರಿಯಲ್ಲಿ ಇಳಿದು ನೋಡುವ ಜಾಗ ಅಲ್ಲ, ಅದಕ್ಕೇ ಅಂತ ಎರಡು ದಿನ ಇಟ್ಟುಕೊಂಡು ಬನ್ನಿ. ಐಹೊಳೆ, ಪಟ್ಟದಕಲ್ಲಿಗೂ ಇದೇ ಮಾತು. ಅರ್ಧ ಗಂಟೆಯಲ್ಲಿ ವಿಠ್ಠಲ ದೇವಸ್ಥಾನ ಮುಗಿಸಿ ಓಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ತುಂಗಭದ್ರಾ ಅಣೆಕಟ್ಟು ನೋಡಿ, ಅದು ದಾರಿಗೇ ಸಿಗುತ್ತದೆ. 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಚೈನ್ ಹರಿದು ಕೊಚ್ಚಿಹೋಯಿತಲ್ಲ, ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು. ಅದರ ಕತೆ ಕೇಳಬೇಕಾದರೆ ಅಲ್ಲಿ ಮೀನು ಕರಿದು ಮಾರುವವರ ಹತ್ತಿರ ನಿಂತುಕೊಳ್ಳಿ. ಒಬ್ಬೊಬ್ಬರದು ಒಂದೊಂದು ಥರ.

ತುಂಗಭದ್ರೆ ದಾಟಿದ ಮೇಲೆ ಮಣ್ಣಿನ ಬಣ್ಣ ಬದಲಾಗುತ್ತಾ ಹೋಗುತ್ತದೆ. ಕೆಂಪು ಹೋಗಿ ಕಪ್ಪು. ಎರೆ ಹೊಲ. ಊಟದ ಬೋರ್ಡೂ ಬದಲಾಗುತ್ತದೆ, ಹೋಟೆಲ್ ಹೋಗಿ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಕೈಯಲ್ಲಿ ಗುದ್ದಿದ ಉಳ್ಳಾಗಡ್ಡಿ. ಹೆದ್ದಾರಿ ಮೇಲಿನ ದೊಡ್ಡ ಹೋಟೆಲಲ್ಲಿ ಪನ್ನೀರ್ ಬಟರ್ ಮಸಾಲಾ ತಿನ್ನಬೇಡಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಅದು ಇಂದಿರಾನಗರದಲ್ಲೂ ಸಿಗುತ್ತದೆ.

ಇಳಕಲ್. ಇಲ್ಲಿ ನಾನು ಒಂದು ಸಲ ಮೂರು ಗಂಟೆ ಕಳೆದೆ. ಸೀರೆ ಅಂಗಡಿಗೆ ಹೋಗುವ ಮುಂಚೆ ನೇಕಾರರ ಓಣಿಗೆ ಹೋಗಿ. ಮಗ್ಗದ ಸದ್ದು ಕೇಳಿದ ಮನೆ ಮುಂದೆ ನಿಂತು, "ಒಳಗ ಬರಬಹುದೇನ್ರಿ" ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರ. ಇಳಕಲ್ ಸೀರೆಯ ಗುಟ್ಟು ಸೆರಗಿನಲ್ಲಿದೆ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆಗಳು. ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಮೈಯ ಒಂದೊಂದು ಎಳೆಯನ್ನೂ ಸೆರಗಿನ ಕೆಂಪು ರೇಷ್ಮೆಯ ಎಳೆಗೆ ಕುಣಿಕೆ ಹಾಕಿ ಸೇರಿಸುತ್ತಾರೆ. ಇದಕ್ಕೆ ಟೋಪ್ ತೆನಿ ಅನ್ನುತ್ತಾರೆ. ಹಾಗಾಗಿ ಹತ್ತಾರು ಸೀರೆಗೆ ಒಟ್ಟಿಗೆ ಹಾಸು ಹೂಡೋಕೆ ಆಗುವುದಿಲ್ಲ. ಒಂದು ಸೀರೆ ಮುಗಿಯಿತು ಅಂದರೆ ಮತ್ತೆ ಎಲ್ಲ ಮೊದಲಿಂದ. ಮೈಯ ಬಣ್ಣ ಅಂಚಿಗೆ ನುಗ್ಗದ ಹಾಗೆ ಮೂರು ಲಾಳಿಯಲ್ಲಿ ನೇಯುವುದಕ್ಕೆ ಕೊಂಡಿ ಅನ್ನುತ್ತಾರೆ. ನನಗೆ ತೋರಿಸಿದ ನೇಕಾರರು ಸೆರಗು ಕೂಡುವ ಜಾಗವನ್ನು ಬೆರಳಲ್ಲಿ ಸವರಿ, "ಇಲ್ಲಿ ಕೈ ಇಡ್ರಿ, ಗಂಟು ಹತ್ತತಾವ. ಹತ್ತಲಿಲ್ಲಂದ್ರ ತಗೋಬ್ಯಾಡ್ರಿ" ಅಂದರು. ನಾನು ತಲೆಯಾಡಿಸಿದೆ. ಪೂರ್ತಿ ಕಲಿತುಬಿಟ್ಟೆ ಅಂದುಕೊಂಡೆ.

ಮುಂದೆ ಹುನಗುಂದ. ಅಲ್ಲಿಂದ ಅಮೀನಗಡದ ಕರದಂಟಿಗೆ ಹೋಗುವವರು ಹೋಗಬಹುದು, ನಾನು ಪ್ರತಿ ಸಲ ಹೋಗುತ್ತೇನೆ. ಕೂಡಲಸಂಗಮದಲ್ಲಿ ಕೃಷ್ಣೆಗೆ ಮಲಪ್ರಭೆ ಸೇರುತ್ತದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿವರೆಗೆ ಬಂದಿರುವುದರಿಂದ ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತ ಗೋಡೆ ಎಬ್ಬಿಸಿದ್ದಾರೆ. ಬಾವಿಗೆ ಇಳಿದ ಹಾಗೆ ಮೆಟ್ಟಿಲು ಇಳಿದು ಹೋಗಬೇಕು. ಹೊರಗೆ ನೀರು ಎತ್ತರದಲ್ಲಿ, ನೀವು ಕೆಳಗೆ. ಸಂಜೆ ಐದರ ಮೇಲೆ ಹೋದರೆ ಗಾಳಿ ತಣ್ಣಗಿರುತ್ತದೆ.

ಇನ್ನೊಂದು ನಿಲುಗಡೆ ಇದೆ. ಅದು ಯಾವ ನಕ್ಷೆಯಲ್ಲೂ ಇಲ್ಲ, ವರ್ಷಕ್ಕೆ ಒಂದೇ ದಿನ ಇರುತ್ತದೆ. ಎಳ್ಳ ಅಮಾವಾಸ್ಯೆ. ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ಅವತ್ತು ಆ ಕಡೆ ಊರುಗಳಲ್ಲಿ ಯಾರೂ ಇರುವುದಿಲ್ಲ, ಎಲ್ಲ ಹೊಲದಲ್ಲಿ. ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಬರುತ್ತಾರೆ. ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ತುಂಬ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ, ಆಮೇಲೆ ಊಟ. ಒಂದು ವರ್ಷ ನಾವು ಅವತ್ತೇ ಆ ದಾರಿಯಲ್ಲಿದ್ದೆವು. ನಿಡಗುಂದಿ ದಾಟಿದ ಮೇಲೆ ಎದೆಯುದ್ದ ಬೆಳೆದ ಜೋಳ ನೋಡೋಕೆ ಇಳಿದೆವು. ಹೊಲದೊಳಗಿಂದ ಒಬ್ಬ ಹೆಣ್ಣುಮಗಳು ಕೂಗಿದರು: "ಯಾಕ ಅಲ್ಲೇ ನಿಂತೀರಿ ಅಕ್ಕಾರ, ಬರ್ರಿ ಊಟಕ್ಕ!" ನನ್ನ ಹೆಂಡತಿ ಆಗಲೇ ಚಪ್ಪಲಿ ಬಿಟ್ಟಾಗಿತ್ತು. ನನಗೆ ಬೆಂಗಳೂರಿನ ಸಂಕೋಚ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಭಜ್ಜಿ, ಶೇಂಗಾ ಹೋಳಿಗೆ, ಕಡುಬು. ಸಾಕು ಅಂದರೆ ಅವರಿಗೆ ಕೇಳಿಸುವುದೇ ಇಲ್ಲ. ಯಾರ ಮನೆಯವರು, ಯಾವ ಊರು ಅಂತ ಕೇಳಿದ್ದು ಊಟ ಆದ ಮೇಲೆ. ಅವತ್ತು ವಿಜಯಪುರದಲ್ಲಿ ಅತ್ತೆ ಮಾಡಿಟ್ಟ ಅಡುಗೆ ಯಾರೂ ಮುಟ್ಟಲಿಲ್ಲ, ಅದಕ್ಕೆ ಅವರಿಗೆ ಇನ್ನೂ ಬೇಜಾರಿದೆ.

ವಿಜಯಪುರ ಮುಟ್ಟಿದ ಮೇಲೂ ನೀರು ಬಿಡುವುದಿಲ್ಲ. ಗೋಲಗುಮ್ಮಟ ನೋಡುವವರಲ್ಲಿ ಹೆಚ್ಚಿನವರು ತಾಜ್ ಬಾವಡಿ ನೋಡುವುದಿಲ್ಲ. 1620ರ ಬಾವಿ ಅದು, ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಳ ಹೆಸರಿನದು. ಬಾವಿಗೆ ಅರಮನೆ ಬಾಗಿಲಿನಷ್ಟು ದೊಡ್ಡ ಕಮಾನು! ಊರೊಳಗೆ ಅಲ್ಲಲ್ಲಿ ಚೌಕಾಕಾರದ ಗೋಪುರಗಳು ಕಾಣುತ್ತವೆ, ಗಂಜ್ ಅಂತಾರೆ. ಕೆರೆಯಿಂದ ಕೊಳವೆಯಲ್ಲಿ ಬರುವ ನೀರಿನ ಒತ್ತಡ ತಗ್ಗಿಸೋಕೆ ಕಟ್ಟಿದ್ದು. ಇನ್ನೂ ಮುಂದೆ ಕಲಬುರಗಿ ಕಡೆ ಹೋಗುವವರು ಕುಮಟಗಿಯಲ್ಲಿ ನಿಲ್ಲಿ. ಸುಲ್ತಾನರು ಬೇಸಿಗೆಗೆ ಬಂದು ಇರುತ್ತಿದ್ದ ನೀರಿನ ಮಹಲು, ಗೋಡೆಯ ಮೇಲೆ ಮಾಸಿದ ಚಿತ್ರಗಳು.

ಮಾತು ಮುಗಿದ ಮೇಲೆ ಒಬ್ಬರು ತಾಯಿ ಎದ್ದು, "ಇದೆಲ್ಲ ಸರಿ, ಹೆಂಗಸರಿಗೆ ಶೌಚಾಲಯ ಎಲ್ಲಿ?" ಅಂತ ಕೇಳಿದರು. ಇಡೀ ಸಂಜೆಯಲ್ಲಿ ಅದೇ ಒಳ್ಳೆ ಪ್ರಶ್ನೆ. ಕೆರೆ ಏರಿಯಲ್ಲಿ ಇಲ್ಲ, ಹಳೇ ಗುಡಿಯಲ್ಲಿ ಇಲ್ಲ. ನಮ್ಮನೆ ಪದ್ಧತಿ ಹೇಳಿದೆ: ಒಳದಾರಿಗೆ ತಿರುಗುವ ಮುಂಚೆ ಒಂದು ದೊಡ್ಡ ಪೆಟ್ರೋಲ್ ಬಂಕು, ಹೊರಗೆ ಬಂದ ಮೇಲೆ ಇನ್ನೊಂದು. ಬಂಕು ಆರಿಸುವುದು ನನ್ನ ಹೆಂಡತಿ, ನಾನಲ್ಲ. ಇನ್ನೊಬ್ಬರು, "ಹೀಗೆ ನಿಂತು ನಿಂತು ಹೋದರೆ ತಲುಪೋದು ಯಾವಾಗ?" ಅಂದರು. ಎಲ್ಲ ಕಡೆ ಒಂದೇ ದಿನ ನಿಲ್ಲೋಕೆ ಆಗುವುದಿಲ್ಲ. ಒಂದು ದೊಡ್ಡದು, ಎರಡು ಚಿಕ್ಕದು. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಕತ್ತಲಾಗುವ ಹೊತ್ತಿಗೆ ವಿಜಯಪುರ. ಮಿಕ್ಕಿದ್ದು ಮುಂದಿನ ಸಲಕ್ಕೆ.

ಕಳೆದ ಸಲ ಇಳಕಲ್ಲಿಗೆ ಬರುವಾಗಲೇ ಹೊತ್ತು ಮೀರಿತ್ತು. ಓಣಿಗೆ ಹೋಗದೆ ರಸ್ತೆ ಮೇಲಿನ ಒಂದು ಅಂಗಡಿಯಲ್ಲೇ ಸೀರೆ ತಗೊಂಡೆ. ಸೆರಗನ್ನು ಬೆರಳಲ್ಲಿ ಸವರಿ, ಗಂಟು ಸಿಕ್ಕಿತು ಅಂತ ಹೆಂಡತಿಗೆ ಎರಡು ಸಲ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮನೆ ಮುಟ್ಟಿದಾಗ ಎಂಟೂವರೆ. ಮಾವ ಮತ್ತೆ ಬಾಗಿಲಲ್ಲೇ, "ಏನೇನ್ ನೋಡಿದ್ರಿ?" ಅಂದರು. ನಾನು ಸೀಬಿಯಿಂದ ಶುರು ಮಾಡಿದೆ. ಅತ್ತೆ ಅಷ್ಟರಲ್ಲಿ ಸೀರೆ ಬಿಚ್ಚಿ, ಸೆರಗನ್ನು ದೀಪದ ಕೆಳಗೆ ಹಿಡಿದು, ಮತ್ತೆ ಮಡಚಿಟ್ಟರು.

"ಬಣ್ಣ ಚಲೋ ಐತಿ. ಮಷಿನ್ನಿಂದು."